ಮಾತ್ರೆ ಬಿಟ್ಟು ಬೇರೆ ದಾರಿ ಇದೆಯಾ? ಪ್ಯಾನಿಕ್ ಅಟ್ಯಾಕ್ ಕಂಡವರು ಸ್ವಲ್ಪ ಹೇಳಿ

ಗೇಟ್ ಬಿದ್ದಿದೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಇವತ್ತು ಬರೆಯುತ್ತಿದ್ದೇನೆ. ವಯಸ್ಸು 36. ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ.

ಹೋದ ವರ್ಷ ಬೇಸಿಗೆಯಲ್ಲಿ ರೈಲ್ವೆ ಗೇಟ್ ಮುಂದೆ ಸ್ಕೂಟರ್ ಮೇಲೆ ಕೂತಿದ್ದೆ. ಗೇಟ್ ಒಮ್ಮೆ ಬಿದ್ದರೆ ಯಾವಾಗ ಏಳುತ್ತದೋ ದೇವರಿಗೇ ಗೊತ್ತು. ಮುಂದೆ ಆಟೋ, ಹಿಂದೆ ಲಾರಿ, ಪಕ್ಕದಲ್ಲಿ ಶಾಲೆ ಮಕ್ಕಳ ವ್ಯಾನು. ಇದ್ದಕ್ಕಿದ್ದ ಹಾಗೆ ಎದೆ ಡವಡವ ಅನ್ನೋಕೆ ಶುರುವಾಯಿತು. ಬೆರಳಿಗೆ ಜೋಮು ಹಿಡಿಯಿತು, ತುಟಿ ಸುತ್ತ ಚುಮುಚುಮು. ಎಷ್ಟು ಉಸಿರು ಎಳೆದರೂ ಸಾಲುತ್ತಿಲ್ಲ. ಸುತ್ತಲಿನ ಜನ ಎಲ್ಲ ಗಾಜಿನ ಆ ಕಡೆ ಇದ್ದಾರೇನೋ ಅನ್ನಿಸಿತು. ಸ್ಕೂಟರ್ ಬಿಟ್ಟು ಕೆಳಗೆ ಕೂತೆ. ಮಗಳ ಮುಖ ಕಣ್ಣ ಮುಂದೆ ಬಂತು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಆಟೋದವರೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಸಿಜಿ ನಾರ್ಮಲ್. ‘ಗ್ಯಾಸ್ ಇರಬೇಕು, ಮಿರ್ಚಿ ಕಡಿಮೆ ಮಾಡಿ’ ಅಂದರು. ಆಮೇಲೆ ನಾಲ್ಕು ತಿಂಗಳಲ್ಲಿ ಇನ್ನೂ ಮೂರು ಇಸಿಜಿ, ಒಂದು ಎಕೋ. ಎಲ್ಲ ನಾರ್ಮಲ್. ಕೊನೆಗೆ ಒಬ್ಬ ಹಳೇ ಗೆಳೆಯ ಮನೋವೈದ್ಯರ ಹತ್ತಿರ ಕಳಿಸಿದ. ಅಲ್ಲಿ ಐದು ನಿಮಿಷದ ಮಾತು. ಎಸ್ಸಿಟಾಲೋಪ್ರಾಮ್ ಶುರು ಮಾಡಿದರು. ತೀರಾ ಬೇಕಾದಾಗ ಮಾತ್ರ ಅಂತ ಕ್ಲೋನಾಜೆಪಾಮ್ ಒಂದು ಸ್ಟ್ರಿಪ್ ಕೊಟ್ಟರು.

ಸುಳ್ಳು ಯಾಕೆ ಹೇಳಲಿ, ಮಾತ್ರೆಯಿಂದ ಉಪಯೋಗ ಆಯಿತು. ವಾರಕ್ಕೆ ನಾಲ್ಕು ಸಲ ಬರುತ್ತಿದ್ದದ್ದು ಈಗ ತಿಂಗಳಿಗೆ ಎರಡು ಸಲ. ಆದರೆ ನಾನು ಗೇಟ್ ದಾಟುವುದನ್ನೇ ಬಿಟ್ಟಿದ್ದೇನೆ, ಊರೆಲ್ಲ ಸುತ್ತಿ ಅಂಗಡಿಗೆ ಹೋಗುತ್ತೇನೆ. ಬಸ್ ಹತ್ತಿ ವರ್ಷವಾಯಿತು. ಕ್ಲೋನಾಜೆಪಾಮ್ ಸ್ಟ್ರಿಪ್ ಅಂಗಿ ಜೇಬಿನಲ್ಲೇ ಇದೆ. ಐದು ತಿಂಗಳಿಂದ ಒಂದೂ ತೆಗೆದಿಲ್ಲ, ಆದರೆ ಅದಿಲ್ಲದೆ ಹಾಲು ತರೋಕೂ ಹೋಗುವುದಿಲ್ಲ. ಅದರ ಅಂಚೆಲ್ಲ ಬೆವರಿಗೆ ಮೆತ್ತಗಾಗಿದೆ.

ಇನ್ನು ಎರಡೂವರೆ ತಿಂಗಳಿಗೆ ಚಿತ್ರದುರ್ಗದಲ್ಲಿ ನಾದಿನಿ ಮದುವೆ. ಮನೆಯವರೆಲ್ಲ ಬಸ್ಸಿನಲ್ಲಿ ಹೋಗುವುದು ಅಂತ ಆಗಿದೆ. ನನಗೆ ಈಗಲೇ ಕೈ ಬೆವರುತ್ತಿದೆ. ಮಾತ್ರೆಯ ಜೊತೆಗೆ, ಅಥವಾ ಮಾತ್ರೆ ಬಿಟ್ಟು, ಏನಾದರೂ ಇದೆಯಾ?

ಕುಂದವಾಡ ವಾಕರ್

ನಾನೂ ಅದೇ ಪಾರ್ಟಿ. ನನಗೆ ಬಂದದ್ದು ಬ್ಯಾಂಕ್ ಕ್ಯೂನಲ್ಲಿ. ಬೆಳಿಗ್ಗೆ ಕುಂದವಾಡ ಕೆರೆ ಸುತ್ತ ಜೋರಾಗಿ ನಡೆಯೋಕೆ ಶುರು ಮಾಡಿದ ಮೇಲೆ ಅರ್ಧ ಕಡಿಮೆ ಆಯಿತು. ಕಾಫಿ ಒಂದೇ ಲೋಟಕ್ಕೆ ಇಳಿಸಿದೆ. ಪೂರ್ತಿ ಹೋಗಿದೆ ಅಂತ ಹೇಳಲ್ಲ.

ಅಜ್ಜಿ ಮದ್ದು

ಮೊದಲು ಆ ಇಂಗ್ಲಿಷ್ ಮಾತ್ರೆ ನಿಲ್ಲಿಸಿ. ಒಮ್ಮೆ ಹಿಡಿದರೆ ಸಾಯೋವರೆಗೂ ಬಿಡಲ್ಲ. ಅಶ್ವಗಂಧ ಪುಡಿ ಹಾಲಿಗೆ ಹಾಕಿ ಕುಡಿಯಿರಿ. ಗೇಟ್ ಹತ್ತಿರ ಆಗಿದ್ದು ಅಂದ್ರೆ ಗಾಳಿ ಸೋಕಿರಬಹುದು, ಒಂದು ತಾಯಿತ ಕಟ್ಟಿಸಿ. ನಂಬಿಕೆ ಮುಖ್ಯ.

ರಾತ್ರಿ ಪಾಳಿ

ಅಜ್ಜಿ ಮದ್ದಿನವರೇ, ತಾಯಿತ ಕಟ್ಟಿಸಲಿ, ತೊಂದರೆ ಇಲ್ಲ. ಮಾತ್ರೆ ‘ನಿಲ್ಲಿಸಿ’ ಅಂತ ಮಾತ್ರ ಹೇಳಬೇಡಿ. ನಾನು ನರ್ಸ್, ಹದಿನೈದು ವರ್ಷದಿಂದ ಎಮರ್ಜೆನ್ಸಿಯಲ್ಲಿ ಕೆಲಸ. ಹಾಗೆ ನಿಲ್ಲಿಸಿದವರನ್ನು ನೋಡಿದ್ದೇನೆ.

ಎರಡು ಮಾತ್ರೆಯನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಎಸ್ಸಿಟಾಲೋಪ್ರಾಮ್ ಚಟ ಹಿಡಿಸುವ ಔಷಧ ಅಲ್ಲ. ಕೆಲಸ ಶುರು ಮಾಡೋಕೆ ಕೆಲವು ವಾರ ಬೇಕು. ಬಿಡುವಾಗ ನಿಧಾನವಾಗಿ ಇಳಿಸಬೇಕು, ಇಲ್ಲದಿದ್ದರೆ ತಲೆ ಸುತ್ತು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುತ್ತದೆ. ಕ್ಲೋನಾಜೆಪಾಮ್, ಆಲ್ಪ್ರಜೋಲಾಮ್ ಬೇರೆ ಜಾತಿ. ಅರ್ಧ ಗಂಟೆಯಲ್ಲಿ ತಣ್ಣಗೆ ಮಾಡುತ್ತವೆ, ಅದಕ್ಕೇ ಅಂಟಿಕೊಳ್ಳುತ್ತವೆ. ದಿನಾ ತಿಂಗಳುಗಟ್ಟಲೆ ತಿಂದು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಬರೆದುಕೊಟ್ಟ ಡಾಕ್ಟರ್ ಜೊತೆ ಮಾತಾಡದೆ ಯಾವುದನ್ನೂ ಮುಟ್ಟಬೇಡಿ.

ಅಶ್ವಗಂಧ ‘ಗಿಡಮೂಲಿಕೆ, ಏನೂ ಆಗಲ್ಲ’ ಅನ್ನುವವರಿಗೆ ಒಂದು ಮಾತು. ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ವರದಿಯಾಗಿವೆ. ಥೈರಾಯ್ಡ್ ಹಾರ್ಮೋನ್ ಜಾಸ್ತಿ ಮಾಡಬಹುದು. ಥೈರಾಯ್ಡ್ ಜಾಸ್ತಿಯಾದರೆ ಎದೆ ಬಡಿತ, ನಡುಕ, ಬೆವರು. ಪ್ಯಾನಿಕ್‌ಗೆ ಮದ್ದು ಅಂತ ಕುಡಿದು ಅದೇ ಲಕ್ಷಣ ತಂದುಕೊಂಡ ಹಾಗೆ!

ಗೇಟ್ ಅಣ್ಣ, ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟ್), ಹಿಮೋಗ್ಲೋಬಿನ್, ಶುಗರ್ ಮಾಡಿಸಿದ್ದೀರಾ? ಇನ್ನೊಂದು ಮಾತು, ಇದನ್ನು ಓದುವ ಎಲ್ಲರಿಗೂ. ನಡೆಯುವಾಗ, ಮೆಟ್ಟಿಲು ಹತ್ತುವಾಗ ಎದೆ ಹಿಂಡಿ ಕೂತರೆ ಕಡಿಮೆಯಾಗುವುದು, ನೋವು ಎಡಗೈಗೋ ದವಡೆಗೋ ಹರಿಯುವುದು, ವಯಸ್ಸಾದವರಿಗೆ ಅಥವಾ ಶುಗರ್, ಬಿಪಿ ಇರುವವರಿಗೆ ಮೊದಲ ಸಲ ಹೀಗಾಗುವುದು – ಇದನ್ನು ‘ಪ್ಯಾನಿಕ್ ಇರಬೇಕು’ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ಆಸ್ಪತ್ರೆಗೆ ಬನ್ನಿ. ನಾವು ಬೈಯಲ್ಲ.

ಗೇಟ್ ಬಿದ್ದಿದೆ

ಧನ್ಯವಾದ ಅಕ್ಕ. ಮೂರೂ ಮಾಡಿಸಿದ್ದೇನೆ, ಸರಿ ಇವೆ. ಮಾತ್ರೆ ನಿಲ್ಲಿಸಲ್ಲ. ಹಾಗಾದರೆ ಮಾತ್ರೆಯ ಜೊತೆಗೆ ಏನು ಮಾಡಬೇಕು?

ಏಳು ಸುತ್ತು, ಚಿತ್ರದುರ್ಗ

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಊರು ದುರ್ಗ, ಕೆಲಸ ಬೇರೆ ಕಡೆ. ಇಲ್ಲಿ ಬರೆದದ್ದನ್ನು ಚಿಕಿತ್ಸೆ ಅಂದುಕೊಳ್ಳಬೇಡಿ, ಹೇಗೆ ಯೋಚಿಸಬೇಕು ಅನ್ನುವುದಕ್ಕೆ ಮಾತ್ರ.

ನಮ್ಮ ಕೋಟೆಯ ಬತೇರಿ ಮೇಲೆ ಒಬ್ಬ ಕಾವಲುಗಾರ ಇದ್ದಾನೆ ಅಂದುಕೊಳ್ಳಿ. ಹೈದರಾಲಿ ಸೈನ್ಯ ಕಂಡರೆ ಕಹಳೆ ಊದುವುದು ಅವನ ಕೆಲಸ. ಒಂದು ದಿನ ಅವನು ಬೆಕ್ಕು ಹಾದುಹೋದದ್ದಕ್ಕೆ ಊದಿಬಿಟ್ಟ. ಕಹಳೆ ನಿಜವಾದದ್ದೇ, ಊರೆಲ್ಲ ಕೇಳಿಸಿತು. ಸೈನ್ಯ ಮಾತ್ರ ಬಂದಿರಲಿಲ್ಲ. ಪ್ಯಾನಿಕ್ ಅಂದರೆ ಇದೇ. ಅಡ್ರಿನಲಿನ್ ನಿಜ, ಬಡಿತ ನಿಜ, ಬೆವರು ನಿಜ. ನೀವು ನಾಟಕ ಮಾಡುತ್ತಿಲ್ಲ.

ಜೋಮು, ತಲೆ ಸುತ್ತು ಎಲ್ಲಿಂದ ಬಂತು? ಗಾಬರಿಗೆ ಜೋರಾಗಿ ಉಸಿರಾಡುತ್ತೀರಿ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಅದಕ್ಕೇ ಬೆರಳು, ತುಟಿ ಜೋಮು. ಮೆದುಳಿನ ರಕ್ತನಾಳ ಸ್ವಲ್ಪ ಕುಗ್ಗುತ್ತವೆ, ಅದಕ್ಕೇ ತಲೆ ತೇಲಿದ ಹಾಗೆ, ಜನ ಗಾಜಿನ ಆಚೆ ಇದ್ದ ಹಾಗೆ. ಗಾಳಿ ಸಾಲುತ್ತಿಲ್ಲ ಅನ್ನಿಸುತ್ತದಲ್ಲ, ಆಗ ನಿಜವಾಗಿ ಗಾಳಿ ಜಾಸ್ತಿಯಾಗಿರುತ್ತದೆ.

ಇಷ್ಟು ಕೆಲವೇ ನಿಮಿಷದಲ್ಲಿ ತುದಿ ಮುಟ್ಟಿ ಇಳಿಯಬೇಕು. ಆದರೆ ನಡುವೆ ನಮ್ಮ ತಲೆ ಬಾಯಿ ಹಾಕುತ್ತದೆ: ‘ಬಡಿತ ಜೋರಾಯಿತು, ಇದು ಹಾರ್ಟ್ ಅಟ್ಯಾಕ್.’ ಆ ಯೋಚನೆಗೆ ಇನ್ನಷ್ಟು ಅಡ್ರಿನಲಿನ್, ಇನ್ನಷ್ಟು ಬಡಿತ. ‘ನೋಡು, ಹೇಳಿರಲಿಲ್ವಾ?’ 1986ರಲ್ಲಿ ಡೇವಿಡ್ ಕ್ಲಾರ್ಕ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞರು ಈ ಸುಳಿಯನ್ನು ಬಿಡಿಸಿ ಬರೆದರು. ಈಗಿನ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ, ಅದರ ಬುಡದಲ್ಲಿ ಇರುವುದು ಅದೇ.

ಈಗ ನಿಮ್ಮ ಜೇಬಿನ ವಿಷಯ. ಗೇಟ್ ಬಿಟ್ಟು ಸುತ್ತಿ ಹೋಗುವುದು, ಸ್ಟ್ರಿಪ್, ನೀರಿನ ಬಾಟಲಿ, ಬಾಗಿಲ ಪಕ್ಕದ ಸೀಟು, ನಾಡಿ ಹಿಡಿದು ನೋಡುವುದು – ಇವೆಲ್ಲ ಊರುಗೋಲು. ಪ್ರತಿ ಸಲ ಅಟ್ಯಾಕ್ ಇಳಿದಾಗ ನಿಮ್ಮ ತಲೆ ‘ತಾನಾಗಿ ಇಳಿಯಿತು’ ಅಂತ ಕಲಿಯುವುದಿಲ್ಲ. ‘ಸ್ಟ್ರಿಪ್ ಇತ್ತು, ಬಚಾವಾದೆ’ ಅಂತ ಕಲಿಯುತ್ತದೆ. ಕಹಳೆ ಊದಿದಾಗಲೆಲ್ಲ ಕೋಟೆ ಬಾಗಿಲು ಹಾಕಿಕೊಂಡು ಒಳಗೆ ಕೂತರೆ, ಹೊರಗೆ ಇದ್ದದ್ದು ಬೆಕ್ಕು ಅಂತ ಯಾರಿಗೂ ಗೊತ್ತಾಗುವುದೇ ಇಲ್ಲ.

ಮಾಡುವುದೇನು? ಬೇಕಂತಲೇ ಆ ಲಕ್ಷಣಗಳನ್ನು ತರಿಸಿಕೊಳ್ಳುವುದು. ತಮಾಷೆ ಅಲ್ಲ, ಚಿಕಿತ್ಸೆಯ ಮುಖ್ಯ ಭಾಗ ಇದು. ಎಳನೀರು ಕುಡಿಯುವ ಪೈಪು ಬಾಯಲ್ಲಿಟ್ಟು, ಮೂಗು ಹಿಡಿದುಕೊಂಡು, ಅದರಲ್ಲೇ ಒಂದು ನಿಮಿಷ ಉಸಿರಾಡುವುದು. ತಿರುಗುವ ಕುರ್ಚಿಯಲ್ಲಿ ಒಂದು ನಿಮಿಷ ಸುತ್ತುವುದು. ನಿಂತಲ್ಲೇ ಓಡುವುದು. ಆಮೇಲೆ ಸುಮ್ಮನೆ ಕೂತು, ಎದೆ ಬಡಿದುಕೊಳ್ಳುವುದನ್ನು ಮಳೆ ನೋಡಿದ ಹಾಗೆ ನೋಡುವುದು. ಹಿಂದೆಯೇ ನೀರು ಕುಡಿಯೋದು, ನಾಡಿ ನೋಡೋದು ಇಲ್ಲ. ದಿನಾ ಮಾಡಿದರೆ ‘ಎದೆ ಬಡಿತ ಅಂದರೆ ಸಾವು’ ಅನ್ನುವ ಗಂಟು ಸಡಿಲವಾಗುತ್ತದೆ. ಆಮೇಲೆ ಗೇಟ್, ಆಮೇಲೆ ಬಸ್.

ಆಸ್ತಮಾ, ಹೃದಯದ ತೊಂದರೆ, ಫಿಟ್ಸ್ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು. ಬೇರೆಯವರೂ ಮೊದಲ ಸಲ ತಿಳಿದವರ ಎದುರಿಗೆ ಮಾಡುವುದು ಒಳ್ಳೆಯದು.

ಚಳ್ಳಕೆರೆ ಶೇಂಗಾ

ಮೇಡಂ, ನನ್ನ ಭಯ ಸಾವಿನದ್ದಲ್ಲ. ನಾಲ್ಕು ಜನರ ಎದುರಿಗೆ ತಲೆ ತಿರುಗಿ ಬೀಳುತ್ತೇನೆ ಅಂತ. ಸಂತೆಗೆ ಹೋಗೋದೇ ಬಿಟ್ಟಿದ್ದೇನೆ.

ಏಳು ಸುತ್ತು

ಇಲ್ಲಿಯವರೆಗೆ ಎಷ್ಟು ಅಟ್ಯಾಕ್ ಬಂದಿರಬಹುದು? ಎಷ್ಟು ಸಲ ನಿಜವಾಗಿ ಬಿದ್ದಿದ್ದೀರಿ?

ಚಳ್ಳಕೆರೆ ಶೇಂಗಾ

ಐವತ್ತು ಅರವತ್ತು ಬಂದಿರಬಹುದು. ಬಿದ್ದಿಲ್ಲ. ಒಂದು ಸಲವೂ ಬಿದ್ದಿಲ್ಲ ಮೇಡಂ.

ಏಳು ಸುತ್ತು

ಎಚ್ಚರ ತಪ್ಪಬೇಕಾದರೆ ಸಾಮಾನ್ಯವಾಗಿ ಬಿಪಿ ಕುಸಿಯಬೇಕು. ಪ್ಯಾನಿಕ್‌ನಲ್ಲಿ ಬಿಪಿ ಏರುತ್ತದೆ. ಅದಕ್ಕೇ ಬೀಳುವುದು ಬಲು ಅಪರೂಪ. ರಕ್ತ, ಸೂಜಿ ಕಂಡರೆ ಬೀಳುವವರ ಕಥೆ ಬೇರೆ, ಅವರಿಗೆ ಬಿಪಿ ನಿಜವಾಗಿ ಇಳಿಯುತ್ತದೆ.

ಹಳೇ ಮೇಷ್ಟ್ರು

ನಾನು ನಿವೃತ್ತ ಶಿಕ್ಷಕ, 71 ವರ್ಷ. ನಮ್ಮ ಕಾಲದಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. ಇತ್ತು ಅನ್ನಿ, ನಮಗೆ ಗೊತ್ತಿರಲಿಲ್ಲ. ಆಮೇಲೆ ಓದಿಕೊಂಡೆ. 1871ರಲ್ಲೇ ಜೇಕಬ್ ಡ ಕೋಸ್ಟಾ ಎಂಬ ಅಮೆರಿಕದ ವೈದ್ಯರು ಅಂತರ್ಯುದ್ಧದ ಸೈನಿಕರಲ್ಲಿ ಇಂಥದ್ದನ್ನೇ ಕಂಡು ಬರೆದಿದ್ದರಂತೆ. ಎದೆ ಬಡಿತ, ಉಸಿರು ಸಾಲದು, ಆದರೆ ಹೃದಯದಲ್ಲಿ ರೋಗ ಇಲ್ಲ. ಪ್ಯಾನಿಕ್ ಡಿಸಾರ್ಡರ್ ಅಂತ ಅಮೆರಿಕದ ಮನೋವೈದ್ಯರ ಪಟ್ಟಿಗೆ ಬೇರೆ ಹೆಸರಾಗಿ ಸೇರಿದ್ದು 1980ರಲ್ಲಿ. ನನಗೆ ಬಂದದ್ದು 1983ರಲ್ಲಿ.

ಹರಿಹರದ ತುಂಗಭದ್ರಾ ಸೇತುವೆ ಮೇಲೆ ಸೈಕಲ್‌ನಲ್ಲಿ ಶಾಲೆಗೆ ಹೋಗುತ್ತಿದ್ದೆ. ನಡು ಸೇತುವೆಯಲ್ಲಿ ಬಂತು. ಅಲ್ಲಿಂದ ಎರಡು ವರ್ಷ ಒಬ್ಬನೇ ಸೇತುವೆ ದಾಟಲಿಲ್ಲ. ಈ ತುದಿಯಲ್ಲಿ ನಿಂತು ಯಾರಾದರೂ ಪರಿಚಯದವರು ಬರಲಿ ಅಂತ ಕಾಯುತ್ತಿದ್ದೆ. ಬಂದರೆ ಅದೂ ಇದೂ ಮಾತಾಡಿಕೊಂಡು ಅವರ ಜೊತೆ ದಾಟುವುದು. ಏಳನೇ ಕ್ಲಾಸಿನ ಹುಡುಗ ಸಿಕ್ಕರೂ ಸಾಕಿತ್ತು. ‘ಮೇಷ್ಟ್ರಿಗೆ ನನ್ನ ಮೇಲೆ ಎಷ್ಟು ಪ್ರೀತಿ’ ಅಂತ ಅವನಿಗೆ ಖುಷಿ.

ಒಂದು ಮಳೆಗಾಲದ ದಿನ ಯಾರೂ ಬರಲಿಲ್ಲ. ಆವತ್ತು ಪರೀಕ್ಷೆ, ಪ್ರಶ್ನೆಪತ್ರಿಕೆ ನನ್ನ ಕೈಯಲ್ಲಿ. ಹೊರಟೆ. ಸರಿಯಾಗಿ ಮಧ್ಯಕ್ಕೆ ಬಂದಾಗ ಹಿಡಿಯಿತು. ಹಿಂದೆ ಹೋಗೋಣ ಅಂದರೂ ಅಷ್ಟೇ ದೂರ, ಮುಂದೆ ಹೋದರೂ ಅಷ್ಟೇ ದೂರ. ಓಡೋಕೆ ಜಾಗವೇ ಇಲ್ಲ. ಸೈಕಲ್ ಒರಗಿಸಿ ಕೂತೆ. ಪ್ರಶ್ನೆಪತ್ರಿಕೆ ಅಂಗಿಯೊಳಗೆ ಇಟ್ಟುಕೊಂಡು, ಸಾಯುವುದಾದರೆ ಇಲ್ಲೇ ಸಾಯೋಣ ಅಂದುಕೊಂಡೆ. ಕೆಂಪು ನೀರು ಹರಿಯುವುದನ್ನು ನೋಡುತ್ತಾ ಉಸಿರು ಎಣಿಸಿದೆ. ಹತ್ತು ಹದಿನೈದು ನಿಮಿಷ ಆಗಿರಬೇಕು. ಅದೇ ಇಳಿಯಿತು. ನಾನು ಏನೂ ಮಾಡಿರಲಿಲ್ಲ. ಎದ್ದು ಸೈಕಲ್ ತುಳಿದೆ. ಪರೀಕ್ಷೆ ಇಪ್ಪತ್ತು ನಿಮಿಷ ತಡ. ಹೆಡ್‌ಮಾಸ್ಟರ್ ಹತ್ತಿರ ಬೈಸಿಕೊಂಡೆ.

ಆಮೇಲೆಯೂ ಬಂತು. ಆದರೆ ಮೊದಲಿನ ಹಾಗೆ ಹೆದರಿಸಲಿಲ್ಲ. ಉಸಿರು ಎಣಿಸುವುದೇ ನನ್ನನ್ನು ಉಳಿಸಿತು ಅಂತ ನನ್ನ ನಂಬಿಕೆ. ಒಳಗೆ ನಾಲ್ಕು, ಹೊರಗೆ ಆರು.

ಏಳು ಸುತ್ತು

ಮೇಷ್ಟ್ರೇ, ನಿಮ್ಮ ಕಥೆಯನ್ನು ನನ್ನ ಪೇಷಂಟ್‌ಗಳಿಗೆ ಹೇಳಬೇಕು. ಆದರೆ ಒಂದು ತಕರಾರು. ನಿಮ್ಮನ್ನು ಉಳಿಸಿದ್ದು ಎಣಿಕೆ ಅಲ್ಲ, ಓಡಿಹೋಗೋಕೆ ಜಾಗ ಇಲ್ಲದ್ದು. ನಿಧಾನವಾಗಿ ಉಸಿರಾಡುವುದು ಒಳ್ಳೆಯದೇ, ದಿನವೆಲ್ಲ ಬಿಗಿಯಾಗಿರುವ ಮೈ ಸಡಿಲವಾಗುತ್ತದೆ. ಆದರೆ ‘ಈಗ ಎಣಿಸದಿದ್ದರೆ ಸತ್ತೆ’ ಅನ್ನಿಸಿದ ದಿನ ಅದೂ ಜೇಬಿನ ಸ್ಟ್ರಿಪ್ ಆಗುತ್ತದೆ. ಪ್ಯಾನಿಕ್‌ನ ಸಿಬಿಟಿ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು, ಯಾವ ಭಾಗ ಎಷ್ಟು ಕೆಲಸ ಮಾಡುತ್ತದೆ ಅಂತ 2018ರಲ್ಲಿ ಬಿಡಿಸಿ ನೋಡಿದರು. ಬೇಕಂತಲೇ ಲಕ್ಷಣ ತರಿಸಿಕೊಳ್ಳುವುದು, ಎದುರು ಕೂತು ಚಿಕಿತ್ಸೆ ಪಡೆಯುವುದು, ಇವೆರಡಕ್ಕೆ ಹೆಚ್ಚು ಅಂಕ. ಸ್ನಾಯು ಸಡಿಲಿಸುವ ಅಭ್ಯಾಸಕ್ಕೆ ಕಡಿಮೆ.

ಹಳೇ ಮೇಷ್ಟ್ರು

ಇರಬಹುದಮ್ಮ. ನಾನು ಇನ್ನೂ ಎಣಿಸುತ್ತೇನೆ. ಈ ವಯಸ್ಸಿನಲ್ಲಿ ಊರುಗೋಲು ಹಿಡಿದರೆ ಯಾರೂ ನಗುವುದಿಲ್ಲ.

ಸೂರ್ಯ ನಮಸ್ಕಾರ

ಉಸಿರಿನ ಮಾತು ಬಂತಲ್ಲ, ನನ್ನ ಗೋಳು ಕೇಳಿ. ಪ್ಯಾನಿಕ್‌ಗೆ ಒಳ್ಳೆಯದು ಅಂತ ಯೋಗ ಕ್ಲಾಸಿಗೆ ಸೇರಿದೆ. ಮೂರನೇ ದಿನ ಕಪಾಲಭಾತಿ. ಒಂದು ನಿಮಿಷಕ್ಕೆ ಕೈ ಜೋಮು, ತಲೆ ತೇಲಾಟ, ಅಲ್ಲೇ ಫುಲ್ ಅಟ್ಯಾಕ್. ಹೇಳಿಕೊಡುವವರು ‘ಒಳಗಿನ ಕೊಳೆ ಹೊರಗೆ ಬರುತ್ತಿದೆ, ಮುಂದುವರಿಸಿ’ ಅಂದರು. ಚಾಪೆ ಅಲ್ಲೇ ಬಿಟ್ಟು ಓಡಿದೆ. ಚಾಪೆ ಇನ್ನೂ ಅಲ್ಲೇ ಇದೆ.

ಏಳು ಸುತ್ತು

ಕೊಳೆ ಅಲ್ಲ, ಕಾರ್ಬನ್ ಡೈಆಕ್ಸೈಡ್. ಕಪಾಲಭಾತಿ, ಭಸ್ತ್ರಿಕಾ ಎರಡೂ ವೇಗದ ಉಸಿರು. ಜೋರಾಗಿ ಉಸಿರಾಡಿದರೆ ಆಗುವುದೇ ಅಲ್ಲೂ ಆಯಿತು. ನಾವು ಕ್ಲಿನಿಕ್‌ನಲ್ಲಿ ಬೇಕಂತಲೇ ಮಾಡಿಸುವುದನ್ನು ನಿಮಗೆ ಹೇಳದೆ ಕೇಳದೆ ಮಾಡಿಸಿದರು, ಅಷ್ಟೇ ತಪ್ಪು. ಸದ್ಯ ಆಸನ, ನಿಧಾನದ ಪ್ರಾಣಾಯಾಮ ಸಾಕು. ಚಾಪೆ ತರೋಕೆ ಮಾತ್ರ ಹೋಗಿ. ಅದು ನಿಮ್ಮ ಮೊದಲ ಪಾಠ.

ಕುಂದವಾಡ ವಾಕರ್

ನಡಿಗೆ ಬಗ್ಗೆ ಏನಂತೀರಿ ಮೇಡಂ? ಸುಮ್ನೆ ನನ್ನ ಸಮಾಧಾನಕ್ಕಾ?

ಏಳು ಸುತ್ತು

ಅಲ್ಲ. 1998ರಲ್ಲಿ ಜರ್ಮನಿಯ ವೈದ್ಯರು ಪ್ಯಾನಿಕ್ ಇದ್ದವರನ್ನು ಮೂರು ಗುಂಪು ಮಾಡಿ 10 ವಾರ ನೋಡಿದರು. ಒಂದು ಗುಂಪಿಗೆ ಓಟ, ಒಂದಕ್ಕೆ ಕ್ಲೋಮಿಪ್ರಮಿನ್ ಮಾತ್ರೆ, ಒಂದಕ್ಕೆ ಔಷಧವಿಲ್ಲದ ಬರೀ ಮಾತ್ರೆ. ಓಡಿದವರು ಬರೀ ಮಾತ್ರೆಯವರಿಗಿಂತ ಚೆನ್ನಾಗಾದರು. ಔಷಧದವರು ಇನ್ನೂ ಬೇಗ, ಇನ್ನೂ ಚೆನ್ನಾಗಿ ಆದರು. ಎರಡೂ ನಿಜ. ಜೋರು ನಡಿಗೆಯಲ್ಲಿ ಇನ್ನೊಂದು ಲಾಭ ಇದೆ: ಎದೆ ಬಡಿತ, ಬೆವರು, ಏದುಸಿರು ಮೂರೂ ದಿನಾ ಬೆಳಿಗ್ಗೆ ಬರುತ್ತವೆ, ಏನೂ ಆಗುವುದಿಲ್ಲ. ದುರ್ಗಕ್ಕೆ ಬಂದರೆ ತುಪ್ಪದ ಕೊಳದ ಬಂಡೆ ಹತ್ತಿ ನೋಡಿ.

ಹೆಸರು ಬೇಡ

ನಾನು ತುಂಬು ಕುಟುಂಬದ ಸೊಸೆ. ನನಗೆ ರಾತ್ರಿ ನಿದ್ದೆಯಿಂದಲೇ ಎಬ್ಬಿಸುತ್ತದೆ. ಕನಸೂ ಇಲ್ಲ, ಏನೂ ಇಲ್ಲ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಕೂರುತ್ತೇನೆ. ಅತ್ತೆಗೆ ಗೊತ್ತಾದರೆ ‘ತವರಿನವರು ಮುಚ್ಚಿಟ್ಟು ಮದುವೆ ಮಾಡಿದ್ದಾರೆ’ ಅನ್ನುತ್ತಾರೆ. ಆಸ್ಪತ್ರೆಗೆ ಹೋಗಬೇಕಾದರೆ ಯಾರಾದರೂ ಜೊತೆಗೆ ಬರಲೇಬೇಕು. ನನ್ನಂಥವರು ಏನು ಮಾಡಬೇಕು?

ರಾತ್ರಿ ಪಾಳಿ

ತಂಗಿ, ನಿದ್ದೆಯಲ್ಲಿ ಬರುವುದೂ ಇದರದ್ದೇ ಒಂದು ರೂಪ, ಬೇರೆ ದೊಡ್ಡ ರೋಗ ಅಂದುಕೊಳ್ಳಬೇಡ. ಗಂಡಸರಿಗಿಂತ ಹೆಂಗಸರಿಗೆ ಇದು ಸುಮಾರು ಎರಡು ಪಟ್ಟು ಜಾಸ್ತಿ. ನಿನ್ನ ಬೀದಿಯಲ್ಲೇ ಇನ್ನೊಬ್ಬಳು ಬಚ್ಚಲಲ್ಲಿ ಕೂತಿರಬಹುದು.

ಮೊದಲು ಫೋನ್‌ನಿಂದ ಶುರು ಮಾಡು. ಟೆಲಿ ಮಾನಸ್, 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಮಹಡಿ ಮೇಲೆ ಹೋಗಿ ಮಾಡು. ನಿನ್ನ ವಿಷಯ ಗುಟ್ಟಾಗಿ ಇಡಬೇಕು ಅನ್ನುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಪ್ರಾಣಕ್ಕೆ ಅಪಾಯದಂಥ ಕೆಲವು ಸಂದರ್ಭ ಬಿಟ್ಟರೆ, ನಿನ್ನ ಒಪ್ಪಿಗೆ ಇಲ್ಲದೆ ಅತ್ತೆಗೆ ಹೇಳುವ ಹಾಗಿಲ್ಲ.

ಜೊತೆಗೆ ಯಾರಾದರೂ ಬರಲೇಬೇಕು ಅಂದರೆ ‘ಥೈರಾಯ್ಡ್ ಟೆಸ್ಟ್’ ಅನ್ನು. ಸುಳ್ಳೂ ಅಲ್ಲ, ನಿನಗೆ ಅದು ಮಾಡಿಸಲೇಬೇಕು.

ಚಳ್ಳಕೆರೆ ಶೇಂಗಾ

ನಮ್ಮ ಕಡೆಯವರಿಗೆ ಎಲ್ಲಿ ಸಿಗುತ್ತದೆ ಇದೆಲ್ಲ? ಪ್ರತಿ ಸಲ ಬೆಂಗಳೂರಿಗೆ ನಿಮ್ಹಾನ್ಸ್‌ಗೆ ಓಡೋಕೆ ಆಗಲ್ಲ. ಓಡೋಕೆ ಬಸ್ ಹತ್ತಬೇಕಲ್ಲ!

ರಾತ್ರಿ ಪಾಳಿ

ದಾವಣಗೆರೆಯವರಿಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆ, ದುರ್ಗದವರಿಗೆ ಅಲ್ಲಿಯ ಜಿಲ್ಲಾ ಆಸ್ಪತ್ರೆ, ಎರಡು ಕಡೆಯೂ ಮನೋವೈದ್ಯ ವಿಭಾಗ ಇದೆ. ದಾವಣಗೆರೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಅಂತ ನಡೆಸುತ್ತಾರೆ. ಹೋಗುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾದದ್ದು 1996ರಲ್ಲಿ, ಮೊದಲು ಕೆಲವೇ ಜಿಲ್ಲೆಗಳಲ್ಲಿ. ಅದಕ್ಕೆ ಮಾದರಿ ಆದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಪಕ್ಕದ ಬಳ್ಳಾರಿಯಲ್ಲಿ ಮಾಡಿದ ಕೆಲಸ. ಮೊಳಕಾಲ್ಮೂರು ದಾಟಿದರೆ ಅದೇ ಜಿಲ್ಲೆ.

ಏಳು ಸುತ್ತು

ಒಂದು ಸೇರಿಸುತ್ತೇನೆ. ಮನೋವೈದ್ಯರು ಸಿಕ್ಕರೂ ಸಿಬಿಟಿ ಮಾಡಿಸುವವರು ನಮ್ಮ ಕಡೆ ಕಡಿಮೆ. ಸರ್ಕಾರಿ ಆಸ್ಪತ್ರೆಯಲ್ಲಿ ‘ಇಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಇದ್ದಾರಾ’ ಅಂತ ನೀವೇ ಕೇಳಿ, ತಾವಾಗಿ ಹೇಳುವುದಿಲ್ಲ. ಖಾಸಗಿಯಾಗಿ ಹೋದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಎರಡು ದಿನದ ಕೋರ್ಸ್ ಮಾಡಿ ಬೋರ್ಡ್ ಹಾಕಿದವರೂ ಇದ್ದಾರೆ. ಪ್ಯಾನಿಕ್‌ಗೆ ವರ್ಷಗಟ್ಟಲೆ ಬೇಕಾಗಿಲ್ಲ, ಹತ್ತು ಹದಿನೈದು ಸೆಷನ್ ಸಾಮಾನ್ಯ. ಆನ್‌ಲೈನಿನಲ್ಲೂ ಆಗುತ್ತದೆ. ‘ನಿಮ್ಮ ಬಾಲ್ಯದಿಂದ ಶುರು ಮಾಡೋಣ, ಎರಡು ವರ್ಷ ಬೇಕು’ ಅಂದರೆ ಎದ್ದು ಬನ್ನಿ.

ಗೇಟ್ ಬಿದ್ದಿದೆ

ಮೂರು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

ನನ್ನ ಡಾಕ್ಟರಿಗೆ ಹೇಳಿದೆ, ‘ಮಾಡಿ, ಮಾತ್ರೆ ಮುಂದುವರಿಸಿ’ ಅಂದರು. ಆನ್‌ಲೈನಿನಲ್ಲಿ ಒಬ್ಬ ಸೈಕಾಲಜಿಸ್ಟ್ ಸಿಕ್ಕರು, ಸೆಷನ್‌ಗೆ 800 ರೂಪಾಯಿ. ಎಳನೀರಿನ ಪೈಪು ಮೊದಲ ದಿನ 20 ಸೆಕೆಂಡಿಗೇ ಕಿತ್ತು ಎಸೆದೆ. ಬೆರಳು ನಡುಗುತ್ತಿತ್ತು. ಹೆಂಡತಿ ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ನನ್ನ ಮುಖ ನೋಡಿ ಎದ್ದು ನೀರು ತರೋಕೆ ಹೊರಟಳು. ಸೈಕಾಲಜಿಸ್ಟ್ ಮೊದಲೇ ಹೇಳಿದ್ದರು, ನೀರು ಕೊಡಬೇಡಿ, ಬೆನ್ನು ಸವರಬೇಡಿ, ಸುಮ್ನೆ ಕೂತಿರಿ ಅಂತ. ನೆನಪಾಗಿ ಮತ್ತೆ ಕೂತಳು. ಪಾಪ, ಅವಳ ಕೈಯಲ್ಲಿದ್ದ ಕಾಯಿ ಸಿಪ್ಪೆ ಸಮೇತ ಕಾಳಿನ ಬುಟ್ಟಿಗೆ ಬಿತ್ತು.

ಹತ್ತನೇ ದಿನಕ್ಕೆ ಒಂದು ನಿಮಿಷ ಮುಟ್ಟಿದೆ. ಈಗ ಬೇಜಾರಾಗುತ್ತದೆ. ಬೇಜಾರಾದರೆ ಒಳ್ಳೆಯದಂತೆ!

ಕುರ್ಚಿ ಸುತ್ತುವುದನ್ನು ಅಂಗಡಿಯಲ್ಲಿ ಮಾಡಿದೆ, ಮನೆಯಲ್ಲಿ ತಿರುಗುವ ಕುರ್ಚಿ ಇಲ್ಲ. ಮಾಲೀಕರು ನೋಡಿಬಿಟ್ಟರು. ‘ಲೆಕ್ಕ ಸರಿಹೋಯಿತೇನಪ್ಪಾ, ಅಷ್ಟು ಖುಷಿಯಾಗಿ ಸುತ್ತುತ್ತಿದ್ದೀಯಲ್ಲ’ ಅಂದರು.

ಗೇಟ್‌ಗೆ ನಡೆದು ಹೋಗಿ ನಿಂತು ಬಂದಿದ್ದೇನೆ, ಆರು ಸಲ. ಸ್ಕೂಟರ್‌ನಲ್ಲಿ ಎರಡು ಸಲ. ಸ್ಟ್ರಿಪ್ ಇನ್ನೂ ಜೇಬಲ್ಲೇ ಇದೆ. ಒಂದೊಂದೇ ಅಂದಿದ್ದಾರೆ.

ಗೇಟ್ ಬಿದ್ದಿದೆ

ನಿನ್ನೆ ಗೇಟ್ ಹತ್ತಿರ ಜೋರಾಗಿ ಬಂತು, ಹೋದ ವರ್ಷದಷ್ಟೇ. ಇಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ. ಮದುವೆಗೆ ಬರಲ್ಲ ಅಂತ ಮನೆಯಲ್ಲಿ ಹೇಳಿಬಿಟ್ಟೆ.

ಹಳೇ ಮೇಷ್ಟ್ರು

ಬಂದಾಗ ಏನು ಮಾಡಿದಿರಿ?

ಗೇಟ್ ಬಿದ್ದಿದೆ

ಸ್ಕೂಟರ್ ಮೇಲೇ ಕೂತಿದ್ದೆ. ಗೇಟ್ ಎದ್ದ ಮೇಲೆ ಹಿಂದಿನವರು ಹಾರ್ನ್ ಹೊಡೆದರು, ದಾಟಿ ಅಂಗಡಿಗೆ ಹೋದೆ.

ಹಳೇ ಮೇಷ್ಟ್ರು

ಹೋದ ವರ್ಷ ಕೆಳಗೆ ಕೂತು ಆಟೋದಲ್ಲಿ ಆಸ್ಪತ್ರೆಗೆ ಹೋಗಿದ್ದಿರಿ. ಈ ವರ್ಷ ಅಂಗಡಿಗೆ ಹೋಗಿದ್ದೀರಿ. ಲೆಕ್ಕ ಬರೆಯುವವರು ನೀವು, ನಾನೇನು ಹೇಳಲಿ.

ಏಳು ಸುತ್ತು

ಮೇಷ್ಟ್ರು ಹೇಳಿದ ಮೇಲೆ ನನ್ನದೇನಿಲ್ಲ. ಬರುವುದೇ ಇಲ್ಲ ಅನ್ನುವ ಗುರಿ ಇಟ್ಟುಕೊಂಡರೆ ಪ್ರತಿ ಅಟ್ಯಾಕೂ ಸೋಲು ಅನ್ನಿಸುತ್ತದೆ. ಬಸ್ಸಿನಲ್ಲಿ ಬರಲಿ ಅಂತಲೇ ಹೋಗಿ. ಒಂದು ಕೆಲಸ ಮಾಡಿ: ದಾರಿಯಲ್ಲಿ ಊರು ಬಂದಾಗಲೆಲ್ಲ ಭಯ ಹತ್ತಕ್ಕೆ ಎಷ್ಟು ಅಂತ ಬರೆದುಕೊಳ್ಳಿ. ಕಡಿಮೆ ಮಾಡೋಕೆ ಹೋಗಬೇಡಿ, ಬರೆಯಿರಿ ಅಷ್ಟೇ.

ಗೇಟ್ ಬಿದ್ದಿದೆ

ಮದುವೆ ಮುಗಿಯಿತು. ಹೋಗಿದ್ದೆ. ಸ್ವಲ್ಪ ಉದ್ದ ಇದೆ, ಕ್ಷಮಿಸಿ.

ಬಸ್ಸಿನಲ್ಲಿ ಮಧ್ಯದ ಸೀಟು, ಕಿಟಕಿ ಪಕ್ಕ ಮಗಳು, ಈ ಕಡೆ ಒಬ್ಬ ಅಜ್ಜ ಚೀಲ ಮಡಿಲಲ್ಲಿ ಇಟ್ಟುಕೊಂಡು. ಎದ್ದು ಹೋಗಬೇಕಾದರೆ ಅಜ್ಜನ ಚೀಲ ದಾಟಬೇಕು. ಟಿಕೆಟ್ ಹಿಂದೆ ಬರೆಯುತ್ತಾ ಹೋದೆ. ಆ ಟಿಕೆಟ್ ಈಗ ಎದುರಿಗಿದೆ. ದಾವಣಗೆರೆ 6. ಆನಗೋಡು 8. ಆನಗೋಡು ದಾಟಿ ಸ್ವಲ್ಪ ದೂರಕ್ಕೆ 9, ಅಲ್ಲಿ ಅಕ್ಷರ ಸೊಟ್ಟಗಿದೆ. ಭರಮಸಾಗರ 7. ಅಲ್ಲಿಂದ ಮುಂದೆ ಬರೆಯುವುದು ಮರೆತಿದ್ದೇನೆ, ಗುಡ್ಡದ ಮೇಲೆ ಗಾಳಿಯಂತ್ರ ಕಂಡು ಮಗಳು ಎಣಿಸೋಕೆ ಕೂತಳು. ದುರ್ಗ 3.

ವಾಪಸ್ ಬರುವಾಗ ಅಷ್ಟು ಚೆನ್ನಾಗಿ ಆಗಲಿಲ್ಲ. ಹೆಂಡತಿ, ಮಗಳು ತವರಲ್ಲೇ ಉಳಿದರು, ನಾನೊಬ್ಬನೇ. ಮದುವೆಗೆ ಹೊಸ ಅಂಗಿ ಹಾಕಿದಾಗ ಸ್ಟ್ರಿಪ್ ಹೆಂಡತಿ ಬ್ಯಾಗಿಗೆ ಹೋಗಿತ್ತು. ಅದು ನೆನಪಾದದ್ದು ಬಸ್ ಭರಮಸಾಗರ ದಾಟಿದ ಮೇಲೆ. ಜೇಬು ಮುಟ್ಟಿ ನೋಡಿದೆ, ಮತ್ತೆ ಮುಟ್ಟಿ ನೋಡಿದೆ. 9, ಆಮೇಲೆ 10. ಆನಗೋಡಿನಲ್ಲಿ ಇಳಿದುಬಿಟ್ಟೆ. ಹೌದು ಮೇಡಂ, ಇಳಿದೆ. ತಮ್ಮನಿಗೆ ಫೋನ್ ಮಾಡಿ ಬೈಕ್ ತರಿಸೋಣ ಅಂತ ನಂಬರ್ ಒತ್ತಿ ಕಟ್ ಮಾಡಿದೆ. ಹೋಟೆಲ್‌ನಲ್ಲಿ ಕೂತು ಟೀ ಹೇಳಿದೆ. ಲೋಟ ಬಿಸಿ ಇತ್ತು, ಎರಡು ಕೈಯಲ್ಲೂ ಹಿಡಿದುಕೊಂಡು ಕೂತೆ. ಟೀ ಆರುವ ಹೊತ್ತಿಗೆ 5 ಇತ್ತು. ಮುಂದಿನ ಬಸ್ ಬಂತು, ಹತ್ತಿದೆ. ಸೀಟಿರಲಿಲ್ಲ, ನಿಂತೇ ಬಂದೆ.

ಸ್ಟ್ರಿಪ್ ನಾಳೆ ಬರುತ್ತದೆ. ಜೇಬಿಗೆ ಹಾಕಬೇಕಾ, ಬೀರುವಿನಲ್ಲಿ ಇಡಬೇಕಾ, ಇನ್ನೂ ಯೋಚಿಸಿಲ್ಲ.

ಏಳು ಸುತ್ತು

ಇಳಿದದ್ದಕ್ಕೆ ಬೈಯಲ್ಲ. ಮುಂದಿನ ಬಸ್ ಹತ್ತಿದಿರಲ್ಲ. ಬರುವ ಭಾನುವಾರ ಒಬ್ಬರೇ ಆನಗೋಡಿಗೆ ಹೋಗಿ ಬನ್ನಿ, ಅದೇ ಹೋಟೆಲ್, ಅದೇ ಟೀ.

ಸೂರ್ಯ ನಮಸ್ಕಾರ

ಚಾಪೆ ತಂದೆ.

ಹೆಸರು ಬೇಡ

14416ಕ್ಕೆ ಮಾಡಿದ್ದೆ. ಮಂಗಳವಾರ ಹೋಗುತ್ತಿದ್ದೇನೆ. ಥೈರಾಯ್ಡ್ ಟೆಸ್ಟ್ ಅಂತ ಹೇಳಿದ್ದೇನೆ. ಅತ್ತೆ ‘ನನಗೂ ರಾತ್ರಿ ಎದೆ ಡವಡವ ಅನ್ನುತ್ತದೆ, ನಾನೂ ಬರುತ್ತೇನೆ’ ಅಂತ ಹೊರಟಿದ್ದಾರೆ.

ಚಳ್ಳಕೆರೆ ಶೇಂಗಾ

ಗೇಟ್ ಅಣ್ಣ, ಆ ಪೈಪು ಎಷ್ಟು ಹೊತ್ತು ಅಂದಿರಿ? ನನಗೆ ಹೃದಯ, ಆಸ್ತಮಾ ಏನೂ ಇಲ್ಲ, ಡಾಕ್ಟರನ್ನೂ ಕೇಳಿದ್ದೇನೆ. ಇಲ್ಲಿ ಎಳನೀರಿನವನ ಹತ್ತಿರ ನಾಲ್ಕು ಪೈಪು ತಂದಿಟ್ಟುಕೊಂಡಿದ್ದೇನೆ.

ಗೇಟ್ ಬಿದ್ದಿದೆ

ಒಂದು ನಿಮಿಷ. ಮೊದಲ ದಿನ 20 ಸೆಕೆಂಡ್ ಆದರೂ ಪರವಾಗಿಲ್ಲ. ಮೂಗು ಹಿಡಿದುಕೊಳ್ಳುವುದು ಮರೆಯಬೇಡಿ, ನಾನು ಎರಡು ದಿನ ಮೂಗು ಬಿಟ್ಟೇ ಮಾಡಿ ವಾಸಿಯಾಯಿತು ಅಂದುಕೊಂಡಿದ್ದೆ.